ಹತ್ತನೆಯ ತಲೆ

ನನ್ನ ಮೊಮ್ಮಗಳು ದುರ್ಗಾಂಬಿಕಾ ಶಾಲೆಗೆ ಹೊರಟವಳು ನಾಲೆಗೆ ಬಿದ್ದಳೆಂದು ತಿಳಿದದ್ದು ಶ್ರಾವಣದ ಒಂದು ಸೋಮವಾರ. ನಾನು ಪೂಜೆಗೆ ಕುಳಿತಿದ್ದೆ. ಬೆನಕಪ್ಪ ಮೇಷ್ಟ್ರು ಬಾಗಿಲಲ್ಲಿ ನಿಂತು ಅವಳ ಪಾಟಿಚೀಲವನ್ನು ಕೆಳಗಿಟ್ಟರು. ಅದರಿಂದ ನೀರು ಸೋರುತ್ತಿತ್ತು.

ಮಣ್ಣು ಮಾಡಿದೆವು. ಶಿವಗಣಾರಾಧನೆಯೂ ಆಯಿತು. ಆಮೇಲೆ ಮೇಷ್ಟ್ರು ಬಂದರು.

“ಹಾಜರಿ ಪುಸ್ತಕದಿಂದ ಅವಳ ಹೆಸರು ತೆಗೆದ್ರೆ ಒಂಬತ್ತೇ ಮಕ್ಕಳು, ಮುರುಗೇಶಪ್ಪಾರೆ. ಹತ್ತು ಇಲ್ದಿದ್ರೆ ಶಾಲೆ ಮುಚ್ಚಿಬಿಡ್ತಾರೆ. ನೀವು ಶಾಲಾ ಸಮಿತಿ ಅಧ್ಯಕ್ಷರು, ಏನು ಮಾಡಾಕೆ ಹೇಳ್ತೀರಿ?”

“ಇರಲಿ ಬಿಡ್ರಿ,” ಎಂದೆ. ಶಾಲೆಗಾಗಿ ಎಂದುಕೊಂಡೆ. ನಿಜವಾಗಿ, ದಿನವೂ ಯಾರಾದರೂ ಅವಳ ಹೆಸರು ಕೂಗಲಿ ಎಂಬ ಆಸೆ ನನ್ನದು. ಮೇಷ್ಟ್ರು ಕೂಗಿಯೇ ಹಾಜರಿ ಹಾಕುತ್ತಿದ್ದರು. ಕೂಗದೆ ಬರೆದರೆ ಸುಳ್ಳಾಗುತ್ತದೆಂದು ಅವರ ಎಣಿಕೆ.

ಕಾರ್ತಿಕದಲ್ಲಿ ರೂಪಶ್ರೀ ಎಂಬ ಸಮಾಜಕಾರ್ಯದ ಅಧ್ಯಾಪಕಿ ನ್ಯಾಮತಿಯಿಂದ ಬಸ್ಸಿನಲ್ಲಿ ಬಂದರು. ಮಕ್ಕಳ ಹಾಜರಾತಿ, ಅದಕ್ಕೆ ಊರವರ ನೆರವು, ಇದೇ ಅವರ ಸಂಶೋಧನೆ. ಮೂರು ದಿನ ತರಗತಿಯಲ್ಲಿ ಕುಳಿತು ತಲೆ ಎಣಿಸಿದರು.

“ಚನ್ನಗಿರಿ, ಹೊನ್ನಾಳಿ, ನಮ್ ಜಗಳೂರು, ಎಲ್ಲಾ ಸುತ್ತಿ ಬಂದೀನ್ರಿ. ಪುಸ್ತಕದಾಗೆ ಮಕ್ಕಳು ಜಾಸ್ತಿ, ಕೋಣೆಯಾಗೆ ಕಡಿಮೆ. ನಿಮ್ಮಲ್ಲೊಂದೇ ಸರಿ ಐತೆ. ಹತ್ತಕ್ಕೆ ಹತ್ತು.”

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು ನನ್ನತ್ತ ನೋಡಿದರು.

“ಸರಿಯಾಗಿ ಎಣಿಸಿದ್ರೇನಮ್ಮ?” ಎಂದೆ.

“ಮೂರು ದಿನಾನೂ ಎಣಿಸೀನಿ, ಅಜ್ಜಾರೆ. ಕಿಟಕಿ ಹತ್ರದ ಹುಡುಗಿ, ಹೆಸರು ಕೂಗಿದ್ರೆ ಎದ್ದು ನಿಲ್ತಾಳಲ್ಲ, ಪಾಪ, ದಿನಾ ಒದ್ದೆ ಬಟ್ಟೆಯಾಗೆ ಯಾಕೆ ಬರ್ತಾಳೆ? ಇನ್ನೊಂದು ಜೊತೆ ಊರವರೇ ಕೊಡಿಸಬಹುದಲ್ಲ?”

ನಾಲೆ ಬತ್ತಿ ಎಷ್ಟೋ ದಿನವಾಗಿತ್ತು.

ಮರುದಿನ ನಾನೇ ಶಾಲೆಗೆ ಹೋದೆ. ಕಿಟಕಿಯ ಬಳಿ ಯಾರೂ ಕಾಣಲಿಲ್ಲ. ನೆಲದ ಮೇಲೆ ಎರಡು ಪುಟ್ಟ ಒದ್ದೆ ಹೆಜ್ಜೆಗಳಿದ್ದವು. ಕರೆದರೆ ಬಾರದಿರುವ ಮಗುವಲ್ಲ ಅವಳು.

ರೂಪಶ್ರೀಯವರಿಗೆ ಎಲ್ಲವನ್ನೂ ಹೇಳಿದೆ. “ಒಂಬತ್ತು ಅಂತ ಬರ್ಕೊಳ್ರಿ, ತಾಯಿ.” ಅವರು ಕಿಟಕಿಯನ್ನೇ ನೋಡುತ್ತಿದ್ದರು.

ಹಾಜರಿ ಪುಸ್ತಕ ಇಸಿದುಕೊಂಡು ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಮೇಷ್ಟ್ರು ಒಂಬತ್ತು ಹೆಸರು ಕೂಗಿ ನಿಲ್ಲಿಸಿದರು. ಹೆಜ್ಜೆಗಳು ನಿಧಾನವಾಗಿ ಒಣಗಿದವು.

ಶಾಲೆ ಉಳಿಯುವುದೋ ಇಲ್ಲವೋ ತಿಳಿಯದು. ಶಿವನೇ, ಕರೆಕರೆದು ಮಗುವನ್ನು ದಣಿಸಿದ ತಪ್ಪು ನನ್ನದು. ಇನ್ನು ನೀನೊಬ್ಬನೇ ಅವಳನ್ನು ಕರೆ. ನಿನ್ನ ಪಾದದ ಬಳಿ ಅವಳು ಬೆಚ್ಚಗೆ ಮಲಗಲಿ.