ಒಂದನೇ ನಂಬರಿನ ಕ್ಯಾಪ್ಟನ್

ಆರ್ವಿಡ್ ಟೆಸ್ಮರ್ ಟಾಲ್‌ಗ್ರಾಸ್ ಏರ್ ಕಂಪನಿಯ ಒಂದನೇ ನಂಬರಿನ ಪೈಲಟ್ ಆದದ್ದು ಆ ಕಂಪನಿ ಮುಚ್ಚುವ ಹೊತ್ತಿಗೆ. ಅವನೇನೂ ಮೇಲೇರಿರಲಿಲ್ಲ. ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡು ಹೊರಟ ಮೇಲೆ, ನೀರಿಳಿದ ಕೆರೆಯಲ್ಲಿ ಬಂಡೆ ಕಾಣಿಸಿಕೊಳ್ಳುವ ಹಾಗೆ ಅವನು ಕಾಣಿಸಿಕೊಂಡಿದ್ದ.

ಟಾಲ್‌ಗ್ರಾಸ್ ಎಂಬ ಹೆಸರು ಕೇಳಿದವರೇ ಕಡಿಮೆ. ವಿಮಾನದ ಮೈಮೇಲೆ ದೊಡ್ಡದಾಗಿ ಬರೆದಿದ್ದದ್ದು ‘ಕೊಲಂಬಿಯಾ ನ್ಯಾಷನಲ್’ ಎಂಬ ದೊಡ್ಡ ವಿಮಾನ ಕಂಪನಿಯ ಹೆಸರು. ಟಿಕೆಟ್ ಮಾರುತ್ತಿದ್ದದ್ದು ಕೊಲಂಬಿಯಾ, ವಿಮಾನ ಕೊಲಂಬಿಯಾದ್ದು, ಕಾಫಿ ಲೋಟದ ಮೇಲಿನ ಗುರುತೂ ಅದರದ್ದೇ. ಸಣ್ಣ ಊರುಗಳಿಗೆ ಹಾರಿಸುವ ಕೆಲಸವನ್ನು ಮಾತ್ರ ಅದು ಕಡಿಮೆ ದರಕ್ಕೆ ಒಪ್ಪಿದವರಿಗೆ ಗುತ್ತಿಗೆ ಕೊಟ್ಟಿತ್ತು. ಹಾಗೆ ಒಪ್ಪಿದವರು ಇಷ್ಟು ವರ್ಷ ಟಾಲ್‌ಗ್ರಾಸ್‌ನವರು. ಈಗ ಬ್ಲೂ ಹೆರಾನ್ ಎಂಬ ಇನ್ನೊಂದು ಕಂಪನಿ ಅದಕ್ಕಿಂತ ಕಡಿಮೆಗೆ ಒಪ್ಪಿತ್ತು. ಅದೇ ವಿಮಾನಗಳು, ಅದೇ ಊರುಗಳು, ಅದೇ ಬಣ್ಣ. ಬದಲಾಗಬೇಕಾದದ್ದು ಪೈಲಟ್‌ಗಳ ಎದೆಯ ಮೇಲಿನ ಬಿಲ್ಲೆ ಒಂದೇ. ಟಾಲ್‌ಗ್ರಾಸ್‌ನವರು ಬೇಕಿದ್ದರೆ ನಮ್ಮಲ್ಲಿ ಸೇರಬಹುದು ಎಂದು ಬ್ಲೂ ಹೆರಾನ್ ದೊಡ್ಡ ಮನಸ್ಸು ಮಾಡಿ ಹೇಳಿತ್ತು. ಆದರೆ ಸೇರುವವರೆಲ್ಲ ಹೊಸಬರೇ. ಎಷ್ಟೇ ವರ್ಷ ಕ್ಯಾಪ್ಟನ್ ಆಗಿದ್ದರೂ ಮೊದಲಿನಿಂದ ಶುರು: ಸಹಪೈಲಟ್ ಕೂರುವ ಬಲಗಡೆಯ ಸೀಟು, ಮೊದಲ ವರ್ಷದ ಸಂಬಳ.

ಆ ಸಂಬಳ ಎಂಥದ್ದು ಎಂಬುದಕ್ಕೆ ಆರ್ವಿಡ್‌ನ ಸಹಪೈಲಟ್ ಕೋರಾ ಪೆಟ್ರಿಕ್ ಒಬ್ಬಳೇ ಸಾಕಿತ್ತು. ರಜೆಯ ಸಂಜೆಗಳಲ್ಲಿ ಅವಳು ಡುಲೂತ್ ಊರಿನಲ್ಲಿ ಮನೆಮನೆಗೆ ಪಿಜ್ಜಾ ಹಂಚುತ್ತಿದ್ದಳು. ಒಮ್ಮೆ ಬಾಗಿಲು ತೆಗೆದ ಮುದುಕನೊಬ್ಬ ಅವಳನ್ನು ದಿಟ್ಟಿಸಿ, “ನೀನು ಬೆಳಿಗ್ಗೆ ನಮ್ಮ ವಿಮಾನದಲ್ಲಿದ್ದೆ ಅಲ್ವಾ?” ಎಂದು ಕೇಳಿದ್ದ. “ಇಲ್ಲ ಸಾರ್, ಅದು ನಮ್ಮಕ್ಕ” ಎಂದಿದ್ದಳು. ಮುದುಕ ಮುಂದಿನ ಸಲ ಹಾರುವಾಗ ಹೆದರಬಾರದಲ್ಲ.

ಈ ಕಸುಬಿನಲ್ಲಿ ಮನುಷ್ಯನಿಗೆ ಹೆಸರಿಗಿಂತ ನಂಬರು ಮುಖ್ಯ. ಸೇರಿದ ದಿನ ನೋಡಿ ಕಂಪನಿ ಒಂದು ನಂಬರು ಕೊಡುತ್ತದೆ. ಯಾವ ಊರಿನಿಂದ ಹಾರಬೇಕು, ಯಾವಾಗ ರಜೆ, ಕ್ರಿಸ್‌ಮಸ್ ದಿನ ಯಾರು ಮನೆಯಲ್ಲಿರಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಆರ್ವಿಡ್‌ಗೆ ಇದರಷ್ಟು ನ್ಯಾಯವಾದದ್ದು ಲೋಕದಲ್ಲಿ ಬೇರೆ ಇರಲಿಲ್ಲ. ಯಾರಿಗೂ ಹಲ್ಲು ಕಿರಿಯಬೇಕಾಗಿಲ್ಲ, ಯಾರ ಬೆನ್ನ ಹಿಂದೆಯೂ ಮಾತಾಡಬೇಕಾಗಿಲ್ಲ, ಸುಮ್ಮನೆ ಕಾದರೆ ಸಾಕು. ಅವನು ಕಾದಿದ್ದ. ನಂಬರು ಕೆಳಗಿದ್ದಾಗ ಅವನನ್ನು ನೆವಾರ್ಕ್‌ಗೆ ಹಾಕಿದ್ದರು. ಹೆಂಡತಿ ಮಗಳು ಡುಲೂತ್‌ನಲ್ಲಿ, ಅವನು ಸಾವಿರ ಮೈಲಿ ದೂರದ ಒಂದು ಬಾಡಿಗೆ ಮನೆಯಲ್ಲಿ. ಅಲ್ಲಿ ಮಂಚದ ಮೇಲೆ ಮಂಚ. ಒಬ್ಬ ಪೈಲಟ್ ಎದ್ದು ಹೋದರೆ ಅದೇ ಬಿಸಿ ಹಾಸಿಗೆಗೆ ಇನ್ನೊಬ್ಬ ಬರುತ್ತಿದ್ದ. ಎಂಟು ವರ್ಷ ಹಾಗೆ ಕಳೆದ ಮೇಲೆ ನಂಬರು ಮೇಲೆ ಬಂತು, ಡುಲೂತ್ ಸಿಕ್ಕಿತು, ಸ್ವಂತ ಹಾಸಿಗೆ ಸಿಕ್ಕಿತು. ಮಗಳು ಬ್ರಿಟ್ಟಾ ಅವನನ್ನು ನೆಂಟನ ಹಾಗೆ ನೋಡುವುದನ್ನು ಬಿಟ್ಟಳು.

ಈಗ ಆ ಹಾಸಿಗೆಗೇ ಸಂಚಕಾರ ಬಂದಿತ್ತು.

“ಕ್ಯಾಪ್ಟನ್, ಸೋಮವಾರ ಬ್ಲೂ ಹೆರಾನ್‌ನ ಮೊದಲ ತರಬೇತಿ ಶುರು,” ಎಂದಳು ಕೋರಾ. ಇಬ್ಬರೂ ಡುಲೂತ್ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ ಡೋನಟ್ ತಿನ್ನುತ್ತಿದ್ದರು. “ಅವತ್ತು ಬಂದೋರಿಗೆ ಮೇಲಿನ ನಂಬರು. ಡುಲೂತ್‌ನಲ್ಲಿ ಅವರು ಹೊಸಬರಿಗೆ ಇಟ್ಟಿರೋದು ಎರಡೇ ಸೀಟು. ಉಳಿದೋರೆಲ್ಲ ನೆವಾರ್ಕ್. ಇವತ್ತೇ ಸಹಿ ಹಾಕಿ ಬನ್ನಿ.”

“ಮುಂದಿನ ಗುರುವಾರ ಟಾಲ್‌ಗ್ರಾಸ್‌ದು ಕೊನೇ ಹಾರಾಟ ಇದೆಯಲ್ಲ.”

“ಇದ್ರೆ?”

“ನಾನು ಕೇಳ್ಕೊಂಡಿದೀನಿ. ನನಗೇ ಸಿಕ್ತು.”

ಕೋರಾ ಡೋನಟ್ ಕೆಳಗಿಟ್ಟಳು. “ಸಿಗದೇ ಏನು? ಕೇಳೋಕೆ ಬೇರೆ ಯಾರಿದ್ರು?”

“ಒಂದನೇ ನಂಬರಿನೋನು ಕೇಳಿದ್ದು ಸಿಗುತ್ತೆ ಕೋರಾ. ಹನ್ನೆರಡು ವರ್ಷ ನಾನು ಬೇರೆಯೋರು ಬೇಡ ಅಂದಿದ್ದನ್ನ ಹಾರಿಸಿದೀನಿ. ಈಗ ಮೊದಲನೇ ಸಲ ನಾನು ಬೇಕು ಅಂದಿದ್ದು ಬಂದಿದೆ.”

“ಖಾಲಿ ಮನೇಲಿ ನೀವೇ ಯಜಮಾನರು, ಒಪ್ಕೊಂಡೆ. ಆದ್ರೆ ಬಾಡಿಗೆಯೋರು ಎಲ್ಲ ಪಕ್ಕದ ಮನೆಗೆ ಹೋಗ್ತಿದಾರೆ, ಅಲ್ಲಿ ಒಳ್ಳೇ ಕೋಣೆ ಹಿಡೀತಿದಾರೆ.”

“ಎರಡನೇ ತರಬೇತಿಗೆ ಬರ್ತೀನಿ. ಎರಡು ವಾರದಲ್ಲಿ ಏನಾಗುತ್ತೆ? ಈ ಚಳಿಗೆ ಡುಲೂತ್ ಬೇಕು ಅನ್ನೋರು ಇಡೀ ದೇಶದಲ್ಲಿ ಯಾರಿದಾರೆ ಹೇಳು.”

“ನಾನಿದೀನಿ,” ಎಂದಳು ಕೋರಾ. “ನಮ್ಮಮ್ಮ ಇಲ್ಲೇ ಇರೋದು.”

“ನಿಂದು ಒಂದು ಆಯ್ತು. ಇನ್ನೊಂದು ನಂದು.”

ಮನೆಯಲ್ಲಿ ಹೆಂಡತಿ ಮಾರ್ನಿ ಆಲೂಗಡ್ಡೆ ಮತ್ತು ಮಾಂಸದ ಹಾಟ್‌ಡಿಶ್ ಪಾತ್ರೆಯನ್ನು ಒಲೆಯಿಂದ ಹೊರಗೆಳೆಯುತ್ತಾ ಸಂಗತಿಯನ್ನೆಲ್ಲ ಕೇಳಿಸಿಕೊಂಡಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಗಂಡಸರು ತಮ್ಮ ಕಾಯಿಲೆಯ ಬಗ್ಗೆ ಹೇಳುವ ಸುಳ್ಳುಗಳನ್ನು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು.

“ಕೊನೇ ಹಾರಾಟದಲ್ಲಿ ಏನು ಮಾಡ್ತಾರೆ?” ಎಂದು ಕೇಳಿದಳು.

“ಇಳಿದ ಮೇಲೆ ಎರಡೂ ಕಡೆ ಬೆಂಕಿ ನಂದಿಸೋ ಲಾರಿ ನಿಂತು ವಿಮಾನದ ಮೇಲೆ ನೀರು ಹಾರಿಸ್ತಾರೆ. ಕಮಾನಿನ ಹಾಗೆ. ಅದೊಂದು ಗೌರವ. ಆಮೇಲೆ ಕೇಕ್.”

“ನೀನು ಕೇಕ್ ತಿನ್ನು, ಬೇಡ ಅನ್ನಲ್ಲ. ಆದ್ರೆ ಒಂದು ಮಾತು ಆರ್ವಿಡ್. ಮತ್ತೆ ನೆವಾರ್ಕ್ ಬಂದ್ರೆ ನಾನು ಅಳೋದೂ ಇಲ್ಲ, ಜಗಳ ಆಡೋದೂ ಇಲ್ಲ. ಹಾಸಿಗೇಲಿ ನಿನ್ನ ಕಡೆ ಇಸ್ತ್ರಿ ಬಟ್ಟೆ ಇಡ್ತೀನಿ. ಜಾಗ ಸುಮ್ಮನೆ ಹಾಳಾಗಬಾರದು ನೋಡು.”

“ನೆವಾರ್ಕ್ ಬರಲ್ಲ.”

“ಹನ್ನೆರಡು ವರ್ಷದ ಹಿಂದೇನೂ ಇದೇ ಮುಖ ಇಟ್ಕೊಂಡು ಇದೇ ಮಾತು ಹೇಳಿದ್ದೆ,” ಎಂದು ಅವಳು ಅವನ ತಟ್ಟೆಗೆ ಬಡಿಸಿದಳು. ಸ್ವಲ್ಪ ಹೆಚ್ಚಾಗಿಯೇ ಬಡಿಸಿದಳು.

ಗುರುವಾರ ಮಿನಿಯಾಪೊಲಿಸ್‌ನಿಂದ ಡುಲೂತ್‌ಗೆ ಟಾಲ್‌ಗ್ರಾಸ್‌ನ ಕೊನೆಯ ವಿಮಾನ ಹೊರಟಿತು. ಕೋರಾ ಆಗಲೇ ತರಬೇತಿಗೆ ಹೋಗಿದ್ದರಿಂದ ಪಕ್ಕದ ಸೀಟಿನಲ್ಲಿ ಯಾರೋ ಅಪರಿಚಿತ ಇದ್ದ. ಆರ್ವಿಡ್ ಕಪ್ಪು ಬೂಟಿಗೆ ಎರಡು ಸಲ ಪಾಲಿಶ್ ಹಾಕಿಕೊಂಡು ಬಂದಿದ್ದ. ಇಳಿಯುವ ಮುಂಚೆ ಮೈಕ್ ಹಿಡಿದು, ಇದು ಟಾಲ್‌ಗ್ರಾಸ್ ಏರ್‌ನ ಕಟ್ಟಕಡೆಯ ಹಾರಾಟ, ಇಷ್ಟು ವರ್ಷ ನಿಮ್ಮ ಸೇವೆ ಮಾಡಲು ಅವಕಾಶ ಕೊಟ್ಟಿರಿ, ಎಂದ.

ಹಿಂದೆ ಗುಸುಗುಸು ಎದ್ದಿತು. ಸ್ವಲ್ಪ ಹೊತ್ತಿಗೆ ಗಗನಸಖಿ ಒಳಗಿನ ಫೋನಿನಲ್ಲಿ ಕರೆದಳು. “ಕ್ಯಾಪ್ಟನ್, ಎಲ್ಲರೂ ಗಾಬರಿ ಬಿದ್ದಿದಾರೆ. ನಾವು ತೊಗೊಂಡಿದ್ದು ಕೊಲಂಬಿಯಾ ಟಿಕೆಟ್, ಈ ಟಾಲ್‌ಗ್ರಾಸ್ ಯಾವುದು, ತಪ್ಪು ವಿಮಾನ ಹತ್ತಿದ್ವಾ ಅಂತ ಕೇಳ್ತಿದಾರೆ.”

“ಸರಿಯಾದ ವಿಮಾನವೇ ಅಂತ ಹೇಳು.”

“ಹೇಳ್ದೆ. ಕಟ್ಟಕಡೆಯದು ಅಂದ್ರೆ ಏನರ್ಥ ಅಂತ ಒಬ್ಬಮ್ಮ ಪ್ರಾರ್ಥನೆ ಶುರು ಮಾಡಿದಾಳೆ.”

ಡುಲೂತ್‌ನಲ್ಲಿ ಚಳಿ ಸೊನ್ನೆಯ ಕೆಳಗೆ ಎಲ್ಲೋ ಇತ್ತು. ನೀರು ಹಾರಿಸಿದರೆ ರನ್‌ವೇ ಪಕ್ಕದ ದಾರಿಯೆಲ್ಲ ಮಂಜುಗಡ್ಡೆಯಾಗಿ ಮುಂದಿನ ವಿಮಾನ ಜಾರುತ್ತದೆ ಎಂದು ಅಗ್ನಿಶಾಮಕ ದಳದವರು ನಯವಾಗಿ ಬೇಡ ಎಂದಿದ್ದರು. ಎರಡು ಲಾರಿಗಳು ದೀಪ ಮಿನುಗಿಸುತ್ತಾ ಅತ್ತ ಇತ್ತ ನಿಂತಿದ್ದವು. ಕಿಟಕಿಯಿಂದ ನೋಡಿದ ಪ್ರಯಾಣಿಕರಿಗೆ ವಿಮಾನಕ್ಕೆ ಬೆಂಕಿ ಬಿದ್ದಿದೆ ಎಂದೇ ಖಾತ್ರಿಯಾಯಿತು. ಪ್ರಾರ್ಥನೆ ಮಾಡಿದ್ದ ಹೆಂಗಸು ಇಳಿಯುವಾಗ ಆರ್ವಿಡ್‌ನ ಕೈಯನ್ನು ಎರಡೂ ಕೈಯಿಂದ ಹಿಡಿದು, “ನಮ್ಮನ್ನ ಉಳಿಸಿದೆ ಕಣಪ್ಪ,” ಎಂದಳು. ಆ ದಿನ ಅವನಿಗೆ ಸಿಕ್ಕ ಗೌರವ ಅದೊಂದೇ. ಅವನು ಅದನ್ನು ಬೇಡ ಎನ್ನಲಿಲ್ಲ.

ಎರಡನೇ ತರಬೇತಿ ಮುಗಿದು ಊರು ಹಂಚುವ ದಿನ ಬಂತು. ಡುಲೂತ್‌ನ ಎರಡು ಸೀಟುಗಳಲ್ಲಿ ಒಂದು ಕೋರಾಳಿಗೆ ಹೋಗಿತ್ತು. ಇನ್ನೊಂದನ್ನು ಮೊದಲ ತರಬೇತಿಯಲ್ಲಿದ್ದ ಅರಿಜೋನಾದವನೊಬ್ಬ ಹಿಡಿದಿದ್ದ. ಹುಟ್ಟಿನಿಂದ ಬಿಸಿಲಲ್ಲೇ ಬೆಂದವನು. ಹಿಮದ ಮೇಲೆ ಕೂತು ಮೀನು ಹಿಡಿಯುವ ಆಸೆ ಅವನಿಗೆ ಚಿಕ್ಕಂದಿನಿಂದ ಇತ್ತಂತೆ. ಆರ್ವಿಡ್‌ಗೆ ನೆವಾರ್ಕ್ ಬಂತು.

ಮಾರ್ನಿ ಹೇಳಿದ್ದಂತೆಯೇ ಅಳಲಿಲ್ಲ, ಜಗಳ ಆಡಲಿಲ್ಲ. ಅವನನ್ನು ಕಾರಿನಲ್ಲಿ ನಿಲ್ದಾಣಕ್ಕೆ ಬಿಟ್ಟು, ಕೆನ್ನೆಗೆ ಮುತ್ತು ಕೊಟ್ಟು, “ಫೋನ್ ಮಾಡು,” ಎಂದಳು.

ನೆವಾರ್ಕ್ ಸೇರಬೇಕಾದರೆ ಮೊದಲು ಮಿನಿಯಾಪೊಲಿಸ್‌ಗೆ ಹೋಗಬೇಕು. ಕೆಲಸಕ್ಕೆ ಹೋಗುವ ಪೈಲಟ್ ಟಿಕೆಟ್ ಕೊಳ್ಳುವುದಿಲ್ಲ. ಖಾಲಿ ಸೀಟಿದ್ದರೆ ಕೂರುತ್ತಾನೆ, ಇಲ್ಲದಿದ್ದರೆ ಕಾಕ್‌ಪಿಟ್ಟಿನಲ್ಲಿ ಪೈಲಟ್‌ಗಳ ಬೆನ್ನ ಹಿಂದೆ ಇರುವ ಒಂದೇ ಒಂದು ಮಡಿಚುವ ಸೀಟು. ಆ ಸಂಜೆ ವಿಮಾನ ತುಂಬಿತ್ತು. ಮಡಿಚುವ ಸೀಟಿಗೆ ಇಬ್ಬರಿದ್ದರು: ಆರ್ವಿಡ್ ಮತ್ತು ವೆಸ್ ಕಾಂಪ್. ವೆಸ್ ಹಿಂದೆ ಟಾಲ್‌ಗ್ರಾಸ್‌ನಲ್ಲಿ ಅವನ ಕೈಕೆಳಗೇ ಹಾರಿದ್ದವನು, ಮನೆ ಇಲ್ಲೇ ಪಕ್ಕದ ಊರಿನಲ್ಲಿ. ಬ್ಲೂ ಹೆರಾನ್‌ನ ಮೊದಲ ತರಬೇತಿಗೇ ಸೇರಿದ್ದರೂ ನೆವಾರ್ಕ್ ತಪ್ಪಿರಲಿಲ್ಲ. ಆದರೆ ನಂಬರಿನಲ್ಲಿ ಆರ್ವಿಡ್‌ಗಿಂತ ಮೇಲೆ.

“ನೀವು ಹೋಗಿ ಕ್ಯಾಪ್ಟನ್,” ಎಂದ ವೆಸ್. “ನನಗೆ ನಾಳೆ ಮಧ್ಯಾಹ್ನ ಕೆಲಸ. ಬೆಳಿಗ್ಗೆ ಹೋದ್ರೂ ನಡೆಯುತ್ತೆ. ನಿಮಗೆ ಬೆಳಗಿನ ಜಾವಕ್ಕೇ ಇದೆ.”

“ಸೀಟು ನಿಂದು. ನಂಬರು ನಂದಕ್ಕಿಂತ ಮೇಲಿದೆ.”

“ಅಯ್ಯೋ, ನಾನೇ ಬಿಟ್ಟುಕೊಡ್ತಿದೀನಲ್ಲ.”

“ಬಿಟ್ಟುಕೊಡೋಕೆ ಅದೇನು ಬಸ್ಸಿನಲ್ಲಿ ಮುದುಕರ ಸೀಟಾ? ಟಾಲ್‌ಗ್ರಾಸ್‌ನಲ್ಲಿ ನಾನು ಯಾವತ್ತಾದ್ರೂ ನನಗಿಂತ ಮೇಲಿನೋರ ಸೀಟು ತೊಗೊಂಡಿದ್ದೀನಾ?”

ಗೇಟಿನ ಹುಡುಗಿ ಇಬ್ಬರ ಮುಖವನ್ನೂ ನೋಡಿ ಗಡಿಯಾರ ನೋಡಿದಳು. ಅಷ್ಟರಲ್ಲಿ ವಿಮಾನದಿಂದ ಕೋರಾ ಹೊರಬಂದಳು. ಆ ವಿಮಾನದ ಸಹಪೈಲಟ್ ಅವಳೇ.

“ಏನು ನಡೀತಿದೆ ಇಲ್ಲಿ? ಕ್ಯಾಪ್ಟನ್, ದಯವಿಟ್ಟು ಹತ್ತಿ. ಹೊಸ ಕೆಲಸ, ಆರು ತಿಂಗಳು ಪರೀಕ್ಷೆ ಕಾಲ. ಒಂದು ದಿನ ತಪ್ಪಿಸಿದ್ರೂ ಮನೆಗೆ ಕಳಿಸ್ತಾರೆ.”

“ಗೊತ್ತು.”

“ಗೊತ್ತಿದ್ದೂ ಇದೇನು ಹಟ? ನಂಬರು ನಿಮಗೇನು ಮಾಡ್ತು ಅಂತ ಇಷ್ಟು ಮರ್ಯಾದೆ?”

ವೆಸ್‌ನ ಕನಿಕರದಿಂದ ಈ ಸೀಟು ಹಿಡಿದರೆ, ಇಷ್ಟು ವರ್ಷ ತಾನು ಕಾದದ್ದೆಲ್ಲ ಬರೀ ಕಾದದ್ದಾಗುತ್ತದೆ, ಅಷ್ಟೇ ಆರ್ವಿಡ್‌ಗೆ ತೋರಿದ್ದು. ಅದನ್ನು ಗೇಟಿನ ಹುಡುಗಿಯ ಮುಂದೆ ಹೇಳುವುದು ಹೇಗೆ?

“ವೆಸ್, ಹತ್ತಪ್ಪ. ವಿಮಾನ ತಡ ಆಗ್ತಿದೆ,” ಎಂದ.

ವೆಸ್ ತಲೆ ತಗ್ಗಿಸಿಕೊಂಡು ಹತ್ತಿದ. ಕೋರಾ ಆರ್ವಿಡ್‌ನ ಕೋಟಿನ ತೋಳನ್ನು ಮುಟ್ಟಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಇನ್ನು ಬೆಳಗಿನವರೆಗೆ ವಿಮಾನವಿರಲಿಲ್ಲ.

ಹೊರಗೆ ಬಂದರೆ ಮಾರ್ನಿಯ ಕಾರು ಅಲ್ಲೇ ನಿಂತಿತ್ತು, ಎಂಜಿನ್ ಓಡುತ್ತಿತ್ತು.

“ಯಾಕೆ ಹೋಗಿಲ್ಲ?” ಎಂದ ಆರ್ವಿಡ್.

“ವಿಮಾನ ಮೇಲೆ ಹೋಗೋದನ್ನ ನೋಡಿ ಹೊರಡೋಣ ಅಂತ. ನೀನ್ಯಾಕೆ ಹೋಗಿಲ್ಲ?”

“ಸೀಟು ವೆಸ್‌ದಾಗಿತ್ತು.”

ಅವಳು ಅವನ ಚೀಲ ಹಿಂದಿನ ಸೀಟಿಗೆ ಎಸೆದು, “ಕಂಪನಿಗೆ ಫೋನ್ ಮಾಡು. ಹೇಳದೇ ತಪ್ಪಿಸ್ಕೊಂಡ ಅಂತ ಆಗಬಾರದು,” ಎಂದಳು.

ಅವನು ನಂಬರು ಒತ್ತಿದ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಯಂತ್ರ ಹೇಳಿತು, ಆಮೇಲೆ ಪಿಟೀಲು ನುಡಿಸಿತು. ಕಾರು ಬೆಟ್ಟ ಇಳಿಯಿತು. ಕೆಳಗೆ ಹೆಪ್ಪುಗಟ್ಟಿದ ಸುಪೀರಿಯರ್ ಸರೋವರ ಸಂಜೆಗತ್ತಲಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಪಿಟೀಲು ನಿಲ್ಲಲಿಲ್ಲ. ಮನೆಯ ಮುಂದೆ ಮಾರ್ನಿ ಎಂಜಿನ್ ಆರಿಸಿದ ಮೇಲೆ ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಬಂತು.

“ಬ್ಲೂ ಹೆರಾನ್. ನಿಮ್ಮ ನಂಬರು ಹೇಳಿ.”

ಆರ್ವಿಡ್ ಹೇಳಿದ.

“ಟೆಸ್ಮರ್ ಅವರೇ, ನಾಳೆ ಬೆಳಿಗ್ಗೆ ಕೆಲಸಕ್ಕೆ ಹಾಜರಾಗ್ತೀರಾ?”

“ಇಲ್ಲಮ್ಮ. ನಾಳೆಯೂ ಇಲ್ಲ, ಆಮೇಲೂ ಇಲ್ಲ.”

ಮಾರ್ನಿ ಕಾರಿನ ಬೀಗದ ಕೈ ಹಿಡಿದುಕೊಂಡು ಹಾಗೇ ಕೂತಿದ್ದಳು.

“ಈಗ ಎಲ್ಲಿದ್ದೀರಿ?” ಎಂದಿತು ದನಿ. “ಬರ್ಕೋಬೇಕು.”

“ಮನೇಲಿ.”

“ನಮ್ಮಲ್ಲಿ ನಿಮ್ಮ ಊರು ನೆವಾರ್ಕ್ ಅಂತಿದೆ.”

“ಹೌದು,” ಎಂದ ಆರ್ವಿಡ್. “ನಿಮ್ಮಲ್ಲಿ ಹಾಗೇ ಇರಲಿ.”