ಗುರುತು ಬೀಳದ ಭುಜ

ಟೇಪು ತಣ್ಣಗಿದೆ, ಕತ್ತಿನ ಗುಳಿಯಿಂದ ಹೊರಟು ಇಳಿದು ಇಳಿದು ಎದೆಯ ತೊಟ್ಟಿನ ಹತ್ತಿರ ನಿಂತಿತು, ಮೂವತ್ತೊಂಬತ್ತು ಸೆಂಟಿಮೀಟರು, ಎಂದರು ಡಾಕ್ಟರಮ್ಮ, ಇಪ್ಪತ್ತೊಂದರ ಆಸುಪಾಸಲ್ಲಿ ಇರ್ಬೇಕಿತ್ತು — ಇಷ್ಟು ವರ್ಷ ಹೊಲಿಗೆಯಂಗಡಿಯಲ್ಲಿ ಕಂಡವರ ಎದೆಗೆಲ್ಲ ಟೇಪು ಹಿಡಿದವಳಿಗೆ ತನ್ನ ಅಳತೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ ನಗು ಬಂತು, ಅಕ್ಕ ನಿನ್ನೆಯೇ ಅಂದಳಲ್ಲ, ಈ ವಯಸ್ಸಲ್ಲಿ ಎದೆ ಎತ್ತಿಸ್ಕೊಂಡು ಯಾರಿಗೆ ತೋರಿಸ್ಬೇಕೇ, ಮೊದಲು ನಿನ್ನ ಅಂಗಡಿ ಬಾಗಿಲು ಎತ್ತಿಸು, ನೆಲಕ್ಕೆ ಉಜ್ಜುತ್ತೆ — ಯಾರಿಗೂ ಅಲ್ಲ ಕಣೇ ಅಕ್ಕ, ಮಿಷನ್ ಮುಂದೆ ಅರ್ಧ ಗಂಟೆ ಬಗ್ಗಿದರೆ ಕತ್ತಿನಿಂದ ಸೊಂಟದವರೆಗೂ ಸೀಳಿದ ಹಾಗಾಗುತ್ತೆ, ಬೆನ್ನು ಸೋತರೆ ಹೊಲಿಗೆ ನಿಂತಂತೆ, ಹೊಲಿಗೆ ನಿಂತರೆ ಮನೆಯೇ ನಿಂತಂತೆ, ಅದಕ್ಕೆ ತಾನೇ ವಿಮೆಯವನಿಗೆ ಫೋನು ಮಾಡಿದ್ದು, ಎಷ್ಟು ಮೆತ್ತಗೆ ಹೇಳಿದ ಪುಣ್ಯಾತ್ಮ, ಬರೀ ಎತ್ತಿ ಕಟ್ಟೋದು ಅಂದ ಹೆಚ್ಚಿಸೋಕೆ ಮೇಡಂ, ಅದಕ್ಕೆ ಕೊಡಲ್ಲ, ಭಾರ ಇಳಿಸೋದಾದ್ರೆ ನೋಡೋಣ, ಭುಜದಲ್ಲಿ ಬ್ರಾ ಪಟ್ಟಿ ಕೊರೆದ ಗುರುತಿನ ಫೋಟೋ ಕಳ್ಸಿ — ಗುರುತು ಎಲ್ಲಿಂದ ಬರಬೇಕು, ದೊಡ್ಡವಳು ಹುಟ್ಟಿ ಎದೆ ತುಂಬಿ ಭಾರವಾದ ಆ ಬೇಸಿಗೆಯಲ್ಲೇ ಅವಳು ತನಗೆಂದು ಮೂರು ಬೆರಳಗಲದ ಪಟ್ಟಿ, ಒಳಗೆ ಹಳೆ ಕಂಬಳಿಯ ತುಂಡಿಟ್ಟು ಹೊಲಿದುಕೊಂಡಿದ್ದಳು, ತೊಟ್ಟಿಲು ತೂಗುತ್ತಿದ್ದ ಗಂಡ, ಏನೇ ಇದು, ಗಾಡಿ ಕುದುರೆಗೆ ಹಾಕೋದಾ, ಮಗು ಏಳದ ಹಾಗೆ ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವುದು, ಆಗ ಇದ್ದದ್ದು ಒಂದೇ ಕೋಣೆ, ಕಿಟಕಿಗೆ ಅಡ್ಡ ದುಪ್ಪಟಿ, ಮಿಷನ್ನಿನ ಎಣ್ಣೆ ವಾಸನೆಯೊಳಗೆ ಹಾಲಿನ ವಾಸನೆ — ಇಪ್ಪತ್ತು ವರ್ಷ ಅದೇ ಪಟ್ಟಿ, ಅದೇ ಅಳತೆ, ಒಂದು ಗೆರೆನೂ ಇಲ್ವಲ್ಲಮ್ಮ, ಡಾಕ್ಟರಮ್ಮ ಭುಜದ ಮೇಲೆ ಬೆರಳಾಡಿಸುತ್ತಾರೆ, ಇಷ್ಟು ಚೆನ್ನಾಗಿ ಹೊಲ್ಕೊಂಡಿದ್ದೇ ತಪ್ಪಾಯ್ತು ನೋಡಿ, ಇರ್ಲಿ, ಕತ್ತಿನ ಎಕ್ಸರೇ ಇದೆ, ನಾನು ಪತ್ರ ಬರೀತೀನಿ, ವಿಮೆಯವ್ರು ಒಪ್ತಾರೆ, ಆದ್ರೆ ಅವ್ರು ಒಪ್ಪೋವಷ್ಟು ಭಾರ ತೆಗೀಬೇಕು ಅಂದ್ರೆ ತೊಟ್ಟನ್ನ ಪೂರ್ತಿ ಬಿಡಿಸಿ ಮೇಲೆ ಕೂರಿಸ್ಬೇಕಾಗುತ್ತೆ, ಆಮೇಲೆ ಅಲ್ಲಿ ಮುಟ್ಟಿದ್ದು ಗೊತ್ತಾಗಲ್ಲ, ಮಕ್ಕಳು ದೊಡ್ಡವರಾದ್ರಲ್ಲ, ಇಲ್ಲಿ ಸಹಿ ಹಾಕಿ — ದೊಡ್ಡವರಾದರು, ಹೌದು, ಆದರೂ ಅಂಗಡಿಗೆ ಬಂದವರ ಕೂಸು ಅತ್ತರೆ ಇವತ್ತಿಗೂ ಅಲ್ಲಿ ಜುಮ್ಮೆನ್ನುತ್ತದೆ, ಯಾರಿಗೂ ಹೇಳಿಲ್ಲ ಅದನ್ನು, ಚಿಕ್ಕ ಮಗ ಒಂದು ಕಡೆ ಹಾಲು ಕುಡಿಯುತ್ತ ಇನ್ನೊಂದು ಕಡೆ ಕೈಯಾಡಿಸುತ್ತಿದ್ದ, ಎಲ್ಲಿ ಓಡಿಹೋಗುತ್ತದೋ ಎಂಬಂತೆ, ಕತ್ತರಿಸದ ಉಗುರು ಗೀರುತ್ತಿತ್ತು, ಬೆನ್ನು ಬೇಕು, ಬೆನ್ನೇ ಬೇಕು, ಪೆನ್ನು ಹಿಡಿದಳು, ಹೆಸರಿನ ಮೊದಲ ಅಕ್ಷರ, ಆ ಕೈ, ಎರಡನೆಯ ಅಕ್ಷರ, ಮತ್ತೆ ಆ ಕೈ, ಕಣ್ಣು ಮುಚ್ಚಿಕೊಂಡೇ ತಡಕುವ ಆ ಬೆಚ್ಚನೆಯ ಕೈ, ಪುಟ್ಟ ಉಗುರು, ಗೀರಿ, ಬಿಟ್ಟು, ಗೀರಿ —