ಎಡಗಿವಿಯ ಹಿಂದಿನ ಗೆರೆ

ಮಾವ ತೆಗೆಯುವ ಗೆರೆ ಓರೆ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮಾವನೊಬ್ಬರಿಗೇ.

ನಮ್ಮದು ಎರಡು ಕುರ್ಚಿಯ ಕಟಿಂಗ್ ಅಂಗಡಿ. ಒಂದು ಕುರ್ಚಿ ಮಾವನದು, ಇನ್ನೊಂದು ನನ್ನದು. ನನ್ನ ಗಂಡನಿಗೆ ಕತ್ತರಿ ಕಂಡರೆ ಆಗದು, ಬಸ್ ಓಡಿಸುತ್ತೇನೆಂದು ಹೋದ. ಮಗ ಕಲಿಯದ ಕೆಲಸವನ್ನು ಸೊಸೆಗೆ ಕಲಿಸಿದ ಮಾವ ಇವರೊಬ್ಬರೇ ಇರಬೇಕು. ಅಂಥವರ ಕತ್ತು ಎರಡು ಮೂರು ವರ್ಷದಿಂದ ಹಿಡಿದುಕೊಂಡಿದೆ. ಎಡಕ್ಕೆ ಬಗ್ಗಿದರೆ ತಲೆ ವಾಲುತ್ತದೆ; ಅವರ ಕಣ್ಣಿಗೆ ನೆಟ್ಟಗೆ ಕಂಡದ್ದು ಗಿರಾಕಿಯ ತಲೆಯ ಮೇಲೆ ಓರೆಯಾಗುತ್ತದೆ. ಬಲಗಿವಿಯ ಹಿಂದೆ ಸ್ಕೇಲ್ ಇಟ್ಟು ಎಳೆದಂಥ ಗೆರೆ, ಎಡಗಿವಿಯ ಹಿಂದೆ ಜಾರುಬಂಡೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಗಿರಾಕಿಗಳೆಲ್ಲ ಹಳಬರು, ಮುಖ ನೋಡಿ ಸುಮ್ಮನಾಗುತ್ತಿದ್ದರು. ಅತ್ತೆಯಂತೂ ಗಂಡನ ಕೈಗೆ ಸಮ ಯಾರೂ ಇಲ್ಲ ಎನ್ನುವವರು. ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಮಾವ ಬಟ್ಟೆ ಕೊಡವಲು ಬಾಗಿಲಿಗೆ ಹೋದರೋ ಇಲ್ಲವೋ, "ಪೌಡರ್ ಹಾಕ್ತೀನಿ ಇರಿ" ಎಂದು ಗಿರಾಕಿಯ ಹಿಂದೆ ನಿಂತು ಸಣ್ಣ ಮೆಷಿನ್ನಿನಿಂದ ಒಂದೇ ಒಂದು ಎಳೆತ. ಗೆರೆ ನೆಟ್ಟಗಾಗುತ್ತಿತ್ತು. ಗಿರಾಕಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ಮೀಸೆಯಲ್ಲೇ ನಗುತ್ತಿದ್ದ. ಎಂಥಾ ಒಳ್ಳೆಯ ಸೊಸೆ ನಾನು ಎಂದು ನನಗೇ ಹೆಮ್ಮೆ.

ಒಂದು ಸಂಜೆ ಎದುರಿನ ಔಷಧಿ ಅಂಗಡಿಯ ತಾತನ ತಲೆಗೆ ಯಾವನೋ ಹೊಡೆದು, ಗಲ್ಲಾಪೆಟ್ಟಿಗೆ ಬಾಚಿಕೊಂಡು ಓಡಿದ. ಶೇವಿಂಗ್ ಮಾಡುತ್ತಿದ್ದ ಮಾವ ಬ್ರಷ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು. ಓಡುವವನ ಬೆನ್ನು ಕಂಡಿತು, ಅಷ್ಟೆ. "ಉದ್ದಕ್ಕಿದ್ದ, ಸಣ್ಣಕ್ಕಿದ್ದ, ಕಪ್ಪು ಅಂಗಿ." ಆ ದಿನ ಪೊಲೀಸರಿಗೆ ಅವರು ಹೇಳಿದ್ದು ಇಷ್ಟೇ. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ತಾತ ಬದುಕಿದರು, ಆದರೆ ಮಾತು ತೊದಲಾಯಿತು. ಹೊಡೆದವನನ್ನು ಅವರೂ ನೋಡಿರಲಿಲ್ಲ.

ಒಂದು ವಾರ ಕಳೆದ ಮೇಲೆ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಒಬ್ಬನನ್ನು ಹಿಡಿದರು. ಡಾಕ್ಟರ ಚೀಟಿ ಇಲ್ಲದೆ ಅವನ ತಾಯಿಯ ಮಾತ್ರೆ ಕೊಡುವುದಿಲ್ಲ ಎಂದಿದ್ದಕ್ಕೆ ತಾತನ ಹತ್ತಿರ ಜಗಳ ಆಡಿದ್ದನಂತೆ. ಉದ್ದಕ್ಕೆ, ಸಣ್ಣಗೆ ಇದ್ದ. ಕಪ್ಪು ಅಂಗಿಯೂ ಒಂದಿತ್ತು, ಯಾರ ಮನೆಯಲ್ಲಿಲ್ಲ? ಮಾವನನ್ನು ಗುರುತು ಹಿಡಿಯುವ ಪೆರೇಡಿಗೆ ಕರೆದರು. ಆರೇಳು ಜನರನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಮಾವ ಕಂಡದ್ದು ಬೆನ್ನು ತಾನೇ, ಎಲ್ಲರನ್ನೂ ಗೋಡೆಗೆ ಮುಖ ಮಾಡಿಸಿದರಂತೆ.

"ಮೂರನೆಯವನ ತಲೆ ನೋಡಿದ ಕೂಡ್ಲೇ ಜುಮ್ ಅಂತು ಕಣಮ್ಮ," ಎಂದು ಮಾವ ಬಂದು ಹೇಳಿದರು. "ಈ ತಲೆ ನಾನು ನೋಡಿದೀನಿ ಅನ್ನಿಸ್ತು. ಇನ್‌ಸ್ಪೆಕ್ಟರ್ ಸಾಹೇಬ್ರು ಬೆನ್ನು ತಟ್ಟಿದ್ರು. ಭೇಷ್, ನಮಗೂ ಇವನ ಮೇಲೇ ಅನುಮಾನ, ನಿಮ್ಮ ಕಣ್ಣೇ ಕಣ್ಣು ಅಂದ್ರು. ಗುರುತು ಏನು ಅಂತ ಕೇಳಿದ್ರು. ಎಡಗಿವಿ ಹಿಂದೆ ಗೆರೆ ಓರೆ ಇದೆ ಸಾರ್ ಅಂದೆ."

ಓರೆ ಗೆರೆ ಎಂದಾಗ ನನಗೆ ಒಮ್ಮೆ ನಮ್ಮ ಕುರ್ಚಿಯೇ ನೆನಪಾದದ್ದು ನಿಜ. ಆದರೆ ನಮ್ಮ ಅಂಗಡಿಯಿಂದ ಹೋಗುವ ಎಲ್ಲ ತಲೆಗಳನ್ನೂ ನಾನೇ ತಿದ್ದಿ ಕಳಿಸುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಮಾವನನ್ನು ಹಿಡಿಯುವವರಿಲ್ಲ. ಹುಟ್ಟಿದಾಗಿನಿಂದ "ಏಯ್" ಎಂದು ಕರೆಸಿಕೊಂಡವರನ್ನು ಇನ್‌ಸ್ಪೆಕ್ಟರ್ ಬಹುವಚನದಲ್ಲಿ ಮಾತಾಡಿಸಿದರು. ಅವರೇ ಅಂಗಡಿಗೆ ಕಟಿಂಗ್‌ಗೂ ಬರತೊಡಗಿದರು. ಅತ್ತೆ ಬೀದಿಗೆಲ್ಲ ಟಾಂ ಟಾಂ ಹೊಡೆದರು. ಕತೆ ಹೇಳಿದಾಗೆಲ್ಲ ಒಂದು ಹಿಡಿ ಹೆಚ್ಚು ಬೆಳೆಯಿತು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಮಾವ ಆ ಓರೆ ಗೆರೆಯನ್ನು ಓಡುವವನ ತಲೆಯಲ್ಲೇ, ಬೀದಿದೀಪದ ಬೆಳಕಿನಲ್ಲೇ ಕಂಡುಬಿಟ್ಟಿದ್ದರು. ಸುಳ್ಳು ಎಂದು ನಾನು ಹೇಳುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ನೆನಪಾಗುತ್ತಿತ್ತು. "ಯಾವನೋ ಕಲಿಯೋ ಕೈಯವನು ಮಾಡಿದ ಕೆಲಸ ಸ್ವಾಮಿ, ನಮ್ಮಂಥೋರ ಕಣ್ಣು ತಪ್ಪಿಸೋಕೆ ಆಗಲ್ಲ," ಎಂದು ಕಟಕಟೆಯಲ್ಲಿ ಹೇಳಿ ಬಂದರು.

ತೀರ್ಪಿಗೆ ಇನ್ನು ಕೆಲವೇ ದಿನ ಇದ್ದಾಗ ಆ ಬೇಕರಿ ಹುಡುಗನ ತಾಯಿ ನಮ್ಮ ಅಂಗಡಿಗೆ ಬಂದರು.

ಗಿರಾಕಿಗಳು ಯಾರೂ ಇರಲಿಲ್ಲ. ಆಯಮ್ಮ ಬೈಯುತ್ತಾರೇನೋ ಎಂದು ನಾನು ಸೆರಗು ಕಟ್ಟಿ ನಿಂತೆ. ಬೈಯಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಮಾವನಿಗೆ ಕೈ ಮುಗಿದರು.

"ನನ್ನ ಮಗನ ಪರಿಚಯ ನಿಮಗಿದೆ ಅಲ್ವಾ ಅಣ್ಣ. ನಿಮ್ಮ ಹತ್ರಾನೇ ಕಟಿಂಗ್ ಮಾಡಿಸ್ಕೊಂಡಿದ್ದ. ಔಷಧಿ ಅಂಗಡೀಲಿ ಆ ಹೊಡೆದಾಟ ಆಯ್ತಲ್ಲ, ಅದಾಗಿ ನಾಲ್ಕು ದಿನಕ್ಕೆ. ಹೊಸ ಕೆಲಸ ಕೇಳೋಕೆ ಹೋಗ್ಬೇಕಿತ್ತು. ನೀವು ಅವನ ನೆತ್ತಿ ನೋಡಿ, ಎರಡು ಸುಳಿ ಇದೆ ಕಣಪ್ಪ, ಎರಡು ಹೆಂಡ್ತಿ, ಎರಡು ಅತ್ತೆ, ಹುಷಾರು ಅಂದ್ರಂತೆ. ಮನೇಲಿ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ಜಡ್ಜ್ ಸಾಹೇಬ್ರಿಗೆ ನೀವೊಂದು ಮಾತು ಹೇಳಿ ಅಣ್ಣ. ಇವನನ್ನ ನಾನು ಬಲ್ಲೆ, ಕೆಟ್ಟೋನಲ್ಲ ಅಂತ. ನಿಮ್ಮ ಮಾತು ಕೇಳ್ತಾರೆ."

ಎರಡು ಸುಳಿಗೆ ಎರಡು ಅತ್ತೆ ಸೇರಿಸಿ ಹೇಳುವವರು ನಮ್ಮ ಮಾವನೊಬ್ಬರೇ. ಹೊಡೆದಾಟ ಆದ ಮರುದಿನವೇ ತವರಿಗೆ ಹೋದ ನಾನು ಆ ವಾರವೆಲ್ಲ ಅಲ್ಲೇ ಇದ್ದೆ. ನಾನಿಲ್ಲದಾಗ ಕುರ್ಚಿಯಿಂದ ಎದ್ದು ಹೋದ ತಲೆ ಅದು. ತಿದ್ದುವವರಿಲ್ಲದೆ ಹೋದ ತಲೆ.

ಮಾವನಿಗೆ ಮಾತ್ರ ಏನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಒಂದೇ ಸಲ ಬಂದವನ ಮುಖ ಅವರಿಗೆ ನೆನಪಿರುವುದಿಲ್ಲ, ತಮ್ಮ ಗೆರೆ ಓರೆ ಎಂಬುದಂತೂ ಗೊತ್ತೇ ಇಲ್ಲ.

"ಇಲ್ಲ ತಾಯಿ, ನಿಮ್ಮ ಮಗ ಬೇರೆ ಎಲ್ಲೋ ಮಾಡಿಸಿರ್ಬೇಕು," ಎಂದರು ಮೆತ್ತಗೆ. "ಆ ತಲೆ ನನ್ನ ಅಂಗಡೀದಲ್ಲ. ಗೆರೆ ಓರೆ ಇತ್ತು. ನನ್ನ ಕೈಲಿ ಹಾಗಾಗಲ್ಲ. ಬೇಕಾದ್ರೆ ನನ್ನ ಸೊಸೇನ ಕೇಳಿ."

ಇಬ್ಬರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಹೊರಗೆ ಬಂದದ್ದು ಬೇರೆಯೇ. "ಟೀ ಕುಡೀತೀರಾ ಅಮ್ಮ?" ಎಂದೆ.

"ಬೇಡಮ್ಮ," ಎಂದು ಎದ್ದರು. "ನಾನೇ ತಪ್ಪು ತಿಳ್ಕೊಂಡಿರ್ಬೇಕು. ನಿಮ್ಮ ಕೆಲಸ ಕೆಡಿಸಿದೆ, ಬೇಜಾರು ಮಾಡ್ಕೋಬೇಡಿ." ಮೆಟ್ಟಿಲಿಳಿಯುವಾಗ ಚಪ್ಪಲಿಯನ್ನು ಸದ್ದಾಗದ ಹಾಗೆ ಹಾಕಿಕೊಂಡರು. ಜೈಲಿನಲ್ಲಿರುವವನ ತಾಯಿ ನಮ್ಮ ಹತ್ತಿರ ಕ್ಷಮೆ ಕೇಳಿ ಹೋದರು. ನಾಚಿಕೆಯಲ್ಲಿ ಸತ್ತುಹೋಗಬೇಕು ಎನ್ನುತ್ತಾರಲ್ಲ, ಸಾಯುವುದು ಅಷ್ಟು ಸುಲಭವಲ್ಲ. ನಾನು ಟವೆಲ್ ಒಗೆದೆ, ನೆಲ ಗುಡಿಸಿದೆ, ಸಂಜೆ ಅಡುಗೆಯನ್ನೂ ಮಾಡಿದೆ.

ಮಾರನೆಯ ಬೆಳಿಗ್ಗೆ ನಾನು ಯಾರಿಗೂ ಪೌಡರ್ ಹಾಕಲಿಲ್ಲ.

ಮೊದಲು ಪೋಸ್ಟ್‌ಮ್ಯಾನ್ ಬಂದರು, ಆಮೇಲೆ ಡ್ರಾಯಿಂಗ್ ಮೇಷ್ಟ್ರು, ಆಮೇಲೆ ಲಾಂಡ್ರಿಯವನು. ಮಾವ ಮುಗಿಸಿದವರನ್ನೆಲ್ಲ "ಟೀ ಬರ್ತಿದೆ, ಕೂತ್ಕೊಳ್ಳಿ" ಎಂದು ಬೆಂಚಿನ ಮೇಲೆ ಹಿಡಿದಿಟ್ಟೆ. ಮೂವರೂ ಆದ ಮೇಲೆ ಬಾಗಿಲು ಮುಚ್ಚಿದೆ.

"ಒಂದು ನಿಮಿಷ ಗೋಡೆ ಕಡೆ ತಿರುಗಿ ನಿಂತ್ಕೋತೀರಾ?"

"ಏನಮ್ಮ, ಫೋಟೋ ತೆಗೀತೀಯಾ?" ಎಂದು ಮೇಷ್ಟ್ರು ನಕ್ಕರು. ನಾನು ನಗದೆ ಇರುವುದನ್ನು ನೋಡಿ ತಿರುಗಿ ನಿಂತರು. ಉಳಿದಿಬ್ಬರೂ ನಿಂತರು.

"ಮಾವ, ಕತ್ತು ನೆಟ್ಟಗಿಟ್ಕೊಂಡು ನೋಡಿ. ಇವರಲ್ಲಿ ಕಳ್ಳ ಯಾರು ಹೇಳಿ."

ಮಾವನಿಗೆ ಮೊದಲು ತಮಾಷೆ ಎನಿಸಿತು. ಕತ್ತರಿ ಕೈಯಲ್ಲೇ ಇತ್ತು. ಪೋಸ್ಟ್‌ಮ್ಯಾನ್ ಕಿವಿಯ ಹಿಂದೆ ನೋಡಿದರು. ಮೇಷ್ಟ್ರದ್ದು ನೋಡಿದರು. ಲಾಂಡ್ರಿಯವನ ಹತ್ತಿರ ಬರುವಷ್ಟರಲ್ಲಿ ಅವರ ನಗು ಹೋಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ನಾಲ್ಕು ಗೋಡೆಗೂ ಕನ್ನಡಿ ಇರುವ ಅಂಗಡಿಯಲ್ಲಿ ನಮ್ಮ ಹುಣ್ಣು ನಮಗೆ ಕಂಡದ್ದು ಆಗ.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಕತ್ತು ಹಿಡ್ಕೊಂಡಾಗಿಂದ. ನಾನು ತಿದ್ತಾ ಇದ್ದೆ. ಆಯಮ್ಮನ ಮಗ ಬಂದ ದಿನ ನಾನಿರ್ಲಿಲ್ಲ. ಹೊಡೆದಾಟ ಆದ ಮೇಲೆ ನೀವು ತೆಗೆದ ಗೆರೆ, ಹೊಡೆದಾಟದ ದಿನ ಅವನ ತಲೇಲಿ ಹೇಗಿರುತ್ತೆ ಮಾವ?"

"ನಿಮಗೂ ಗೊತ್ತಿತ್ತಾ?" ಮೂವರ ಬೆನ್ನನ್ನು ಕೇಳಿದರು. ಯಾರೂ ತಿರುಗಲಿಲ್ಲ. ಮೇಷ್ಟ್ರು ಗೋಡೆಗೇ ಉತ್ತರ ಹೇಳಿದರು. "ನಿಮಗೆ ನೋವಾಗುತ್ತೆ ಅಂತ ಸುಮ್ನಿದ್ವಿ."

"ನೋವು!" ಎಂದರು ಮಾವ. ಕತ್ತರಿಯನ್ನು ಕೌಂಟರಿನ ಮೇಲಿಟ್ಟರು. "ಒಬ್ಬನ ಬಾಳೇ ಹಾಳಾಗ್ತಿತ್ತಲ್ರೋ."

ಅಂಗಡಿ ಮುಚ್ಚಿ ಮೊದಲು ಸ್ಟೇಷನ್ನಿಗೆ ಹೋದೆವು. ಇನ್‌ಸ್ಪೆಕ್ಟರ್ ಕೇಳಿಸಿಕೊಂಡು, "ಹೇಳಿದ್ದು ಹೇಳಿ ಆಗಿದೆ. ಈಗ ತಿರುಗಿಸಿ ಮಾತಾಡಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ, ಗೊತ್ತಾ?" ಎಂದರು. ಬಹುವಚನ ಅಲ್ಲಿಗೇ ಮುಗಿಯಿತು. ಆ ಅವಮಾನಕ್ಕೆ ಮಾವ ತಲೆ ತಗ್ಗಿಸಲಿಲ್ಲ. ಅದಕ್ಕಿಂತ ದೊಡ್ಡದು ಅವರೊಳಗೆ ಇತ್ತಲ್ಲ. ಅಲ್ಲಿಂದ ಹುಡುಗನ ಪರ ವಾದಿಸುತ್ತಿದ್ದ ಲಾಯರಮ್ಮನ ಮನೆಗೆ ಹೋದೆವು. ಆಕೆ ಒಂದೊಂದು ಮಾತನ್ನೂ ಕೇಳಿ ಬರೆದುಕೊಂಡರು.

"ಅನುಮಾನ ಯಾರ ಮೇಲಿದೆ ಅಂತ ಗೊತ್ತಿರೋ ಅಧಿಕಾರಿ ಪೆರೇಡ್ ಮಾಡಿಸಬಾರದು ಅಂತ ಬಾಯಿ ಬಡ್ಕೋತಾನೇ ಇದೀವಿ," ಎಂದರು. "ಭೇಷ್ ಅಂದ್ರೆ ಸಾಕು, ಸಾಕ್ಷಿಗೆ ಇದ್ದ ಅನುಮಾನವೂ ಹೋಗಿಬಿಡುತ್ತೆ. ಎಷ್ಟೋ ಕಡೆ ಸಂಶೋಧನೆ ಮಾಡಿ ತೋರಿಸಿದಾರೆ. ಇದು ನಿಮ್ಮೊಬ್ಬರ ತಪ್ಪಲ್ಲ."

"ನನ್ನ ಪಾಲು ನನಗೆ ಸಾಕು ತಾಯಿ," ಎಂದರು ಮಾವ.

ಮಾವನನ್ನು ಮತ್ತೆ ಕಟಕಟೆಗೆ ಕರೆದ ದಿನ ಕೋರ್ಟ್ ತುಂಬಿತ್ತು. ಅರ್ಧ ನಮ್ಮ ಬೀದಿಯವರೇ. ಸರ್ಕಾರಿ ವಕೀಲರು ಗದರಿದರು. "ಅವತ್ತು ಖಂಡಿತ ಇವನೇ ಅಂದ್ರಿ. ಇವತ್ತು ಅಲ್ಲ ಅಂತೀರಿ. ಯಾವುದು ಸುಳ್ಳು?"

"ಯಾವುದೂ ಸುಳ್ಳಲ್ಲ ಸ್ವಾಮಿ. ತಲೆ ನಾನು ನೋಡಿದ್ದು ನಿಜ, ಕುರ್ಚಿ ಮೇಲೆ. ಓಡಿದವನ ತಲೆ ನನಗೆ ಕಂಡೇ ಇರಲಿಲ್ಲ. ಆ ಓರೆ ಗೆರೆ ನನ್ನದೇ. ಕಲಿಯೋ ಕೈ ಅಂದಿದ್ನಲ್ಲ, ಆ ಕೈ ಇದೇ." ಬಲಗೈ ಎತ್ತಿ ತೋರಿಸಿದರು.

"ನಿಮ್ಮ ಕೈಯ ಕೆಲಸ ಅನ್ನೋದಕ್ಕೆ ಏನು ಸಾಕ್ಷಿ?"

ಮಾವ ಸುತ್ತ ನೋಡಿದರು. ಮುಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದರು. ಸಾಹೇಬರ ತಲೆಗೆ ಕೈ ಹಾಕುವ ಧೈರ್ಯ ನನಗೂ ಇರಲಿಲ್ಲ, ಹಾಗಾಗಿ ಅವರಿಗೆ ನಾನು ಪೌಡರ್ ಹಾಕಿದ್ದೇ ಇಲ್ಲ.

"ಆ ಸಾಹೇಬ್ರನ್ನ ಒಂದ್ಸಲ ತಿರುಗಿ ನಿಲ್ಲೋಕೆ ಹೇಳಿ ಸ್ವಾಮಿ. ಓರೆ ಗೆರೆ ಇದ್ದೋರೆಲ್ಲ ಕಳ್ಳರಾದ್ರೆ..."

ಮಾತು ಮುಗಿಯುವ ಮೊದಲೇ ನಮ್ಮ ಬೀದಿಯವರು ಗೊಳ್ಳೆಂದು ನಕ್ಕರು. ಜಡ್ಜ್ ಮೇಜು ಬಡಿದರು. ಇನ್‌ಸ್ಪೆಕ್ಟರ್ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಮಾವ ನಗಲಿಲ್ಲ. ಕಟಕಟೆ ಹಿಡಿದು, ಆರೋಪಿಯ ಜಾಗದಲ್ಲಿ ನಿಂತಿದ್ದವನ ಕಡೆ ನೋಡುವುದಕ್ಕೂ ಆಗದೆ ಕೆಳಗೆ ನೋಡುತ್ತ ನಿಂತಿದ್ದರು.

ಅವನನ್ನು ಬಿಟ್ಟರು. ತಾತನಿಗೆ ಹೊಡೆದವನು ಇನ್ನೂ ಸಿಕ್ಕಿಲ್ಲ. ತಾತ ಈಗಲೂ ಬಾಗಿಲಲ್ಲಿ ಕೂತು ನಮ್ಮ ಅಂಗಡಿ ಕಡೆ ನೋಡುತ್ತಾರೆ.

ಕೆಲವು ದಿನ ಬಿಟ್ಟು ಆಯಮ್ಮ ಬಂದರು. ಮಗ ರಸ್ತೆಯಲ್ಲೇ ನಿಂತಿದ್ದ, ಬಿಸಿಲಲ್ಲಿ, ಕಿವಿ ಮುಚ್ಚುವಷ್ಟು ಟೋಪಿ ಎಳೆದುಕೊಂಡು. ಒಳಗೆ ಬಾ ಎಂದರೂ ಬರಲಿಲ್ಲ.

"ನಿಮ್ಮಿಂದ ನನ್ನ ಮಗ ಮನೆಗೆ ಬಂದ ಅಣ್ಣ," ಎಂದು ಕೈ ಮುಗಿದರು.

"ಹೋಗಿದ್ದೂ ನನ್ನಿಂದಲೇ ಅಲ್ವಾ ತಾಯಿ," ಎಂದು ಮಾವ ಆ ಕೈಗಳನ್ನು ಕೆಳಗಿಳಿಸಿದರು. ನಾನು ಈ ಸಲ ಟೀ ಎನ್ನಲಿಲ್ಲ. "ಆವತ್ತು ನನಗೆ ಗೊತ್ತಿತ್ತಮ್ಮ, ಹೇಳೋಕೆ ಬಾಯಿ ಬರಲಿಲ್ಲ," ಎಂದೆ. ಅವರು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡರು. ಮಗನ ಹಿಂದೆ ಹೋದರು.

ಆವತ್ತು ಕೌಂಟರಿನ ಮೇಲಿಟ್ಟ ಕತ್ತರಿಯನ್ನು ಮಾವ ಅದಾದ ಮೇಲೂ ಮುಟ್ಟಿರಲಿಲ್ಲ. ನಿನ್ನೆ ಪೋಸ್ಟ್‌ಮ್ಯಾನ್ ಹಟ ಹಿಡಿದು ಅವರ ಕುರ್ಚಿಯಲ್ಲೇ ಕೂತರು. ಮಾವ ನಿಧಾನವಾಗಿ ಮುಗಿಸಿದರು. ಬಟ್ಟೆ ಕೊಡವಲು ಹೋಗಲಿಲ್ಲ. ಗಿರಾಕಿಯ ಎದುರಿಗೇ ನನ್ನನ್ನು ಕರೆದರು.

"ಬಾಮ್ಮ, ನೋಡು. ಗೆರೆ ಹೇಗಿದೆ?"

ಬಗ್ಗಿ ನೋಡಿದೆ. ಜಾರುಬಂಡೆ.

"ಸರಿಯಾಗಿದೆ ಮಾವ," ಎಂದೆ.

ಬಾಯಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೇಳಿದ ಮೇಲೇ ಅದು ನನಗೆ ಕೇಳಿಸಿತು. ಮಾವ ಬಾಚಣಿಗೆ ಕೆಳಗಿಟ್ಟರು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ನಿಂತರು. ಹೊರಗೆ ರಸ್ತೆಯಲ್ಲಿ ಯಾರೋ ಟೋಪಿ ಹಾಕಿದವರು ಹಾದುಹೋದರು.

"ಓರೆ ಇದೆ ಮಾವ," ಎಂದೆ.